ದೊಡ್ಡಮ್ಮನ ಮಾತ್ರೆ ಡಬ್ಬಿ

ಮೈಸೂರಿನ ಮನೆಯಲ್ಲಿ ದೊಡ್ಡಮ್ಮ ಒಬ್ಬರೇ. ಕೇಳಿದರೆ "ನಂಗೇನಾಗಿದೆ?" ಅಂತಾರೆ. ಆದರೆ ಮಾತ್ರೆ ಡಬ್ಬಿಯಲ್ಲಿ ಸೋಮವಾರದ ಬಿಪಿ ಮಾತ್ರೆ ಹಾಗೇ ಇತ್ತು, ಗುರುವಾರದ ಮಾತ್ರೆ ಮಂಗಳವಾರವೇ ಖಾಲಿ. ಹಾಲಿನ ಪಾತ್ರೆ ತಳ ಕರ್ರಗೆ ಸೀದಿತ್ತು.

ಕನ್ನಡಕ ಹುಡುಕುವ ಮರೆವಿಗೆಲ್ಲ ಹೆದರಬೇಕಿಲ್ಲ ಬಿಡಿ, ಅದು ನನಗೂ ಇದೆ. ಸ್ನಾನ, ಊಟ, ಔಷಧಿ, ಗ್ಯಾಸ್ ಒಲೆ ತಪ್ಪತೊಡಗಿದಾಗ ಯೋಚಿಸಬೇಕು. ಬಿದ್ದು ಸೊಂಟ ಮುರಿದ ಮೇಲೆ ಆತುರದಲ್ಲಿ ವೃದ್ಧಾಶ್ರಮ ಹುಡುಕುವುದಕ್ಕಿಂತ, ಅವರೇ ನೋಡಿ ಒಪ್ಪುವ ಹೊತ್ತಲ್ಲಿ ಮಾತಾಡುವುದು ವಾಸಿ ಅಲ್ವಾ?

"ಆಶ್ರಮಕ್ಕೆ ಹಾಕಿಬಿಟ್ರು" ಅನ್ನುವವರು ಯಾರೂ ರಾತ್ರಿ ಪಕ್ಕದಲ್ಲಿ ಮಲಗಲು ಬರುವುದಿಲ್ಲ. ಮಾಹಿತಿಗೆ ಹಿರಿಯರ ಸಹಾಯವಾಣಿ 14567 ಇದೆ, ಉಚಿತ.

ಭಾನುವಾರ ದೊಡ್ಡಮ್ಮನನ್ನೇ ಕರೆದುಕೊಂಡು ಒಂದು ಕಡೆ ನೋಡಿ ಬರುತ್ತೇವೆ. ಅವರ ಮೊದಲ ಪ್ರಶ್ನೆ ಆಗಲೇ ಬಂತು: "ಏಕಾದಶಿಗೆ ಅವಲಕ್ಕಿ ಮಾಡಿಕೊಡ್ತಾರೇನೋ?"