ಗಂಜಿನ ಕಿರ್ದಿಯಲ್ಲಿ ಎರಡು ಕೋಟಿ ಡಾಂಗ್

ವಿಯೆಟ್ನಾಂಗೆ ಹೋಗಿ ಬಂದೆ ಅಂದರೆ ಕಲಬುರಗಿಯಲ್ಲಿ ಯಾರೂ ಮೊದಲು ‘ಹೇಗಿತ್ತು’ ಅಂತ ಕೇಳುವುದಿಲ್ಲ. “ಒಟ್ಟ ಎಷ್ಟ್ ಖರ್ಚಾತು?” ಅಂತಾರೆ. ಅದರಲ್ಲಿ ಸಂಕೋಚವೇನೂ ಇಲ್ಲ. ಓಣಿಯ ಕಿರಾಣಿ ಅಂಗಡಿಯವರು ಕೇಳಿದರು, ಸೋದರಮಾವ ಕೇಳಿದರು, ಒಂದು ಮದುವೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತ ಗುರುತಿಲ್ಲದವರೂ ಕೇಳಿದರು. ‘ಅರವತ್ತು ಸಾವಿರದ ಮ್ಯಾಲೆ’ ಅಂತ ಜಾರಿಕೊಳ್ಳುತ್ತಿದ್ದೆ. ಮೇಲೆ ಎಷ್ಟು ಅನ್ನುವುದು ನನಗೂ ಗೊತ್ತಿರಲಿಲ್ಲ. ಹಿಸಾಬು ಇನ್ನೂ ಆಗಿರಲಿಲ್ಲವಲ್ಲ.

ಹಿಸಾಬು ಆದದ್ದು ಜೂನಿನ ಒಂದು ಭಾನುವಾರ, ನಮ್ಮೂರ ಕಾಳುಕಡಿಯ ಪೇಟೆಯಾದ ನೆಹರು ಗಂಜಿನ ಒಂದು ಅಡತಿ (ದಲಾಲಿ) ಅಂಗಡಿಯಲ್ಲಿ. ಅಂಗಡಿ ನಮ್ಮ ಗೆಳೆಯನ ಅಪ್ಪಂದು. ಲೆಕ್ಕಪತ್ರವೆಲ್ಲ ಅವನದೇ ಆದ್ದರಿಂದ ಶಾಲೆಯ ದಿನಗಳಿಂದಲೂ ಅವನನ್ನು ಮುನೀಮ ಅಂತಲೇ ಕರೆಯುತ್ತೇವೆ. ಇನ್ನೊಬ್ಬರು ಹೈಸ್ಕೂಲ್ ಮಾಸ್ತರ್, ನಮಗಿಂತ ವಯಸ್ಸಿನಲ್ಲಿ ದೊಡ್ಡವರು, ಪಕ್ಕಾ ಶಾಕಾಹಾರಿ. ನಾಲ್ಕನೆಯವನು ನಮ್ಮ ತಮ್ಮ, ಚಿಕ್ಕಪ್ಪನ ಮಗ. ಅವನಿಗೆ ಎಲ್ಲದಕ್ಕೂ ಒಂದು ಆಪ್ ಬೇಕು.

ಬಂದ ಕೂಡಲೇ ಯಾಕೆ ಕೂರಲಿಲ್ಲ ಅಂದರೆ, ಮಾಸ್ತರ್ ಕಾರ್ಡಿನಲ್ಲಿ ಕೊಟ್ಟ ಎರಡು ರೂಮಿನ ಬಾಡಿಗೆ ಇನ್ನೂ ರೂಪಾಯಿಯಲ್ಲಿ ಪಕ್ಕಾ ಆಗಿರಲಿಲ್ಲ. ವಿದೇಶದಲ್ಲಿ ಕಾರ್ಡ್ ಉಜ್ಜಿದ ದಿನ ಮೊಬೈಲಿಗೆ ಬರುವ ಮೊತ್ತವೇ ಕೊನೆಯದಲ್ಲ. ವ್ಯವಹಾರ ಬ್ಯಾಂಕಿನಲ್ಲಿ ಸೆಟಲ್ ಆದ ದಿನದ ದರವೇ ದರ. ಸ್ಟೇಟ್‌ಮೆಂಟ್ ಬರಲಿ ಅಂತ ಮುನೀಮನೇ ತಡೆದಿದ್ದ.

ಹೋಗುವ ಮುಂಚೆ ಖರ್ಚಿನ ಅಂದಾಜು ಮಾಡಿದ್ದು ನಮ್ಮ ತಮ್ಮ. ಎಕ್ಸೆಲ್ ಶೀಟು, ಬಣ್ಣ ಬಣ್ಣದ ಕಾಲಂ, ತಲೆಗೆ ದಿನಕ್ಕೆ ಇಷ್ಟು ಅಂತ ಒಂದು ಮಿತಿ. ಮಾಸ್ತರ್‌ಗೆ ಬೇಸಿಗೆ ರಜೆ, ಗಂಜಿನಲ್ಲಿ ತೊಗರಿಯ ಸುಗ್ಗಿ ಮುಗಿದಿರುತ್ತದೆ, ಹಾಗಾಗಿ ಮೇ ತಿಂಗಳು ಅಂತ ಮೊದಲೇ ಗೊತ್ತಾಗಿತ್ತು. ಏಪ್ರಿಲ್ 30, ಮೇ 1 ಅಲ್ಲಿ ದೊಡ್ಡ ರಜೆ. ಬಸ್ಸು, ರೂಮು ಎಲ್ಲ ತುಂಬಿ ದರ ಏರುತ್ತದೆ. ಅದು ಕಳೆದ ಮೇಲೆ ಹೊರಡೋಣ ಅಂದುಕೊಂಡೆವು. ಇ-ವೀಸಾ 25 ಡಾಲರ್. ವಿಮಾನ ಹೈದರಾಬಾದಿನ ಶಂಷಾಬಾದ್ ಏರ್‌ಪೋರ್ಟಿನಿಂದ. ಮುನೀಮ ಶೀಟು ನೋಡಿ ಒಂದೇ ಮಾತು ಹೇಳಿದ: “ತಮ್ಮಾ, ನೀ ಬರ್ದಿದ್ದು ಶಂಷಾಬಾದಿನಿಂದ. ನಾವು ಇರೋದು ಕಲಬುರಗ್ಯಾಗ.” ಹೋಗಿ ಬರುವ ಬಸ್ಸು, ಹೈದರಾಬಾದಿನಲ್ಲಿ ಏರ್‌ಪೋರ್ಟಿನ ಟ್ಯಾಕ್ಸಿ, ದಾರಿಯ ಊಟ ಸೇರಿಸಿದರೆ ಅದೇ ಒಂದು ಕಾಲಂ ಆಯಿತು. ನಮ್ಮ ಕಡೆಯಿಂದ ಹೋಗುವವರು ಇದನ್ನು ಬರೆಯುವುದೇ ಇಲ್ಲ. ಬರೆದವರು ಬರೆದದ್ದೆಲ್ಲ ಬೆಂಗಳೂರಿನವರ ಲೆಕ್ಕ.

ಇನ್ನೊಂದು ರೊಟ್ಟಿಯ ವಿಷಯ. ಕೈಚೀಲಕ್ಕೆ 7 ಕೆಜಿ ಮಿತಿ. ಮಾಸ್ತರ್ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬರುವುದು ಖಾತ್ರಿ ಇತ್ತು. ಒಂದು ಚೀಲಕ್ಕೆ ದುಡ್ಡು ಕೊಟ್ಟು ವಿಮಾನದ ಹೊಟ್ಟೆಗೆ ಹಾಕಬೇಕು. ಅದು ಯಾರ ಖರ್ಚು? ಮಾಸ್ತರ್ ತಮ್ಮದೇ ಅಂದರು. ರೊಟ್ಟಿ ಮುರಿದದ್ದು ಮಾತ್ರ ನಾಲ್ವರೂ! ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಗಣಪತಿಗೆ ಪಟ್ಟಿ ಎತ್ತಿದ ಹಾಗೆ ತಲೆಗೆ 20 ಸಾವಿರ ಎತ್ತಿದೆವು. ಹೈದರಾಬಾದಿನಲ್ಲಿ, ಏರ್‌ಪೋರ್ಟಿಗೆ ಹೋಗುವ ಮುಂಚೆಯೇ ಪೇಟೆಯಲ್ಲಿ, 87ರ ದರದಲ್ಲಿ 900 ಡಾಲರ್ ಕೊಂಡೆವು. ಎಲ್ಲ ನೂರರ ನೋಟು, ಹೊಸವು. ಮಡಚಿದ, ಗೀಚಿದ ಡಾಲರ್ ನೋಟಿಗೆ ಅಲ್ಲಿ ತಕರಾರು ಮಾಡುತ್ತಾರೆ. ಕರೆನ್ಸಿ ಕೊಳ್ಳುವಾಗಲೂ ಜಿಎಸ್‌ಟಿ ಇರುತ್ತದೆ. ಲಕ್ಷದೊಳಗಿನ ಮೊತ್ತಕ್ಕೆ ಶೇಕಡಾ ಒಂದನ್ನು ಬೆಲೆ ಅಂತ ಹಿಡಿದು ಅದರ ಮೇಲೆ 18 ಪರ್ಸೆಂಟ್. ನಮಗೆ 141 ರೂಪಾಯಿ ಬಿತ್ತು. ಸಣ್ಣದು ಅನ್ನಿಸಬಹುದು. ಮುನೀಮ ಬರೆದುಕೊಂಡ.

ಹನೋಯಿಯಲ್ಲಿ ಆ 900 ಡಾಲರ್ ಎರಡು ಕೋಟಿ ಮೂವತ್ನಾಲ್ಕು ಲಕ್ಷ ಡಾಂಗ್ ಆಯಿತು. ನಮಗೆ ರೂಪಾಯಿ ಇದ್ದಂತೆ ಅವರಿಗೆ ಡಾಂಗ್. ಮಾಸ್ತರ್ ಆ ಕಟ್ಟುಗಳನ್ನು ಹಾಸಿಗೆಯ ಮೇಲೆ ಹರಡಿ ಫೋಟೊ ತೆಗೆದು ಮನೆಗೆ ಕಳಿಸಿದರು. ಒಂದು ದಿನದೊಳಗೆ ಎಲ್ಲರಿಗೂ ಲೆಕ್ಕ ಬಾಯಿಗೆ ಬಂತು. ಕೊನೆಯ ಮೂರು ಸೊನ್ನೆ ಬಿಡು, ಮೂರರಿಂದ ಗುಣಿಸು, ಮೇಲೆ ಹತ್ತರಲ್ಲೊಂದು ಪಾಲು ಸೇರಿಸು. ಐವತ್ತು ಸಾವಿರದ ನೂಡಲ್ಸ್ ಅಂದರೆ 165 ರೂಪಾಯಿ.

ಜಗಳ ಹುಟ್ಟಿದ್ದು ಮೊದಲ ರಾತ್ರಿಯ ಊಟದಲ್ಲೇ. ಮಾಸ್ತರ್ ಬರೀ ಅನ್ನ, ತೋಫು, ಸೊಪ್ಪು ತಿಂದರು. ನಾವು ಮೂವರು ಮೀನು, ಬಿಯರ್ ಅಂತ ಬಿಲ್ಲು ಏರಿಸಿದೆವು. ತಮ್ಮ ಆಪ್‌ನಲ್ಲಿ ‘ಸಮಪಾಲು’ ಒತ್ತಿಬಿಟ್ಟ. ಮಾಸ್ತರ್ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದರೆ ಏನೋ ಇದೆ ಅಂತಲೇ ಅರ್ಥ. ರೂಮಿಗೆ ಬಂದ ಮೇಲೆ ಮುನೀಮ ಕಾನೂನು ಮಾಡಿದ. ಹಾಸಿಗೆ, ಗಾಡಿ, ಟಿಕೆಟ್, ನೀರು, ಚಹಾ ನಾಲ್ವರದು. ಉಳಿದಂತೆ ಬಾಯಿಗೆ ಹೋಗೋದು ಅವರವರದು. “ನೀರೂ ಬಾಯಿಗೇ ಹೋಗ್ತದಲ್ರೀ” ಅಂದರು ಮಾಸ್ತರ್. ಆಗ ಎಲ್ಲರೂ ನಕ್ಕೆವು. ಅಲ್ಲಿಗೆ ಊಟದ ಪ್ರಶ್ನೆ ಮುಗಿಯಿತು.

ನಾಲ್ಕರಿಂದ ಭಾಗಿಸುವುದು ಯಾರಿಗಾದರೂ ಬರುತ್ತದೆ, ಅದಕ್ಕೆ ಆಪ್ ಕೂಡ ಬೇಡ. ಯಾವುದನ್ನು ಭಾಗಿಸಬೇಕು, ಯಾವ ದರಕ್ಕೆ ಭಾಗಿಸಬೇಕು ಅನ್ನುವಲ್ಲೇ ಗೆಳೆತನ ಹದಗೆಡುವುದು ಅಂತ ನನಗೆ ಅನ್ನಿಸಿದೆ. ಮುನೀಮ ಇದ್ದದ್ದಕ್ಕೆ ನಾವು ಬಚಾವ್. ಅವನು ಹಿಂದಿನ ಜೇಬಿನಲ್ಲಿ ಒಂದು ಪುಟ್ಟ ಕಿರ್ದಿ, ಅಂದರೆ ದಿನದ ಜಮಾಖರ್ಚಿನ ಪುಸ್ತಕ, ಇಟ್ಟುಕೊಂಡಿದ್ದ. ನಿಜವಾದ ಕಿರ್ದಿಯ ಹಾಗೆಯೇ ಉದ್ದುದ್ದ ಮಡಚಿದ್ದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಎಷ್ಟೇ ಸುಸ್ತಾಗಿರಲಿ, ರಾತ್ರಿ ಮಲಗುವ ಮುಂಚೆ ಕೈಯಲ್ಲಿರುವ ನೋಟು ಎಣಿಸಿ ಶಿಲ್ಕು (ಉಳಿದ ನಗದು) ತಾಳೆ ನೋಡುತ್ತಿದ್ದ. ಆಪ್‌ನಲ್ಲಿ ಖರ್ಚು ಬರೆಯಬಹುದು, ಆದರೆ ಜೇಬಿನ ನೋಟು ಎಣಿಸಲು ಅದಕ್ಕೆ ಬರುವುದಿಲ್ಲ ಅಲ್ವಾ?

ಹಾಗೆ ಎಣಿಸಿದ ಒಂದು ರಾತ್ರಿಯದೇ ದೊಡ್ಡ ಕಥೆ. ಆವತ್ತು ಬೆಳಗ್ಗೆ ಹನೋಯಿಯ ಹಳೇ ಪೇಟೆಯಲ್ಲಿ ಸುತ್ತಾಡಿ, ಫುಟ್‌ಪಾತಿನ ಮೇಲೆ ಆ ಪುಟಾಣಿ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತು ಐಸ್ ಚಹಾ ಕುಡಿದಿದ್ದೆವು. ಒಂದು ಗ್ಲಾಸಿಗೆ ಐದು ಸಾವಿರ. ಸಾಮೂಹಿಕ ಚೀಲ ಆವತ್ತು ತಮ್ಮನ ಕೈಯಲ್ಲಿತ್ತು, ಅವನೇ ಕೊಟ್ಟ. ಮಧ್ಯಾಹ್ನ ಬಸ್ಸು ಹತ್ತಿ ನಿನ್ ಬಿನ್‌ಗೆ ಬಂದೆವು. ರಾತ್ರಿ ಎಣಿಸಿದರೆ 4,80,000 ಕಡಿಮೆ.

ತಮ್ಮನ ಮುಖ ಸಪ್ಪಗಾಯಿತು. ಚೀಲ ಜಾಲಾಡಿದ, ಪ್ಯಾಂಟು ಜಾಲಾಡಿದ. ಮುನೀಮ ಮಾತ್ರ ಕದಲಲಿಲ್ಲ, ಕಿರ್ದಿಯಲ್ಲಿ ಆವತ್ತಿನ ಖರ್ಚಿನ ಮೇಲೆ ಬೆರಳಾಡಿಸುತ್ತಾ ಹೋದ. ‘ಚಹಾ 20,000’ ಅನ್ನುವಲ್ಲಿ ಬೆರಳು ನಿಂತಿತು.

“ಏನ್ ನೋಟ್ ಕೊಟ್ಟಿ ತಮ್ಮಾ?”

“ನೀಲಿದು ಅಣ್ಣಾ. ಇಪ್ಪತ್ತು ಸಾವಿರದ್ದು.”

ಮುನೀಮ ಚೀಲದಿಂದ ಎರಡು ನೋಟು ತೆಗೆದು ದೀಪದ ಕೆಳಗೆ ಹಿಡಿದ. 20,000ದ್ದೂ ನೀಲಿ, 5,00,000ದ್ದೂ ನೀಲಿಯ ಜಾತಿಯೇ. ಎರಡೂ ಪ್ಲಾಸ್ಟಿಕ್, ಎರಡರ ಮೇಲೂ ಹೋ ಚಿ ಮಿನ್ ಮುಖ. ದೊಡ್ಡದು ಸ್ವಲ್ಪ ಉದ್ದ, ಬಣ್ಣದಲ್ಲಿ ತುಸು ಹಸಿರು ಛಾಯೆ. ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಬಿಸಿಲಲ್ಲಿ, ಅವಸರದಲ್ಲಿ, ಒಂದೇ ನೋಟು ಕೈಯಲ್ಲಿದ್ದರೆ ಗೊತ್ತಾಗುವುದಿಲ್ಲ. ಐದು ಲಕ್ಷದಲ್ಲಿ ಇಪ್ಪತ್ತು ಸಾವಿರ ಕಳೆದರೆ ಸರಿಯಾಗಿ 4,80,000. ಕೊರತೆಯ ಅಂಕಿಯೇ ಅದರ ಕಾರಣ ಹೇಳಿತ್ತು. ಚಹಾ ಕೊಟ್ಟ ಅಜ್ಜಿ ನೋಟು ನೋಡದೆಯೇ ಡಬ್ಬಿಗೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಹನೋಯಿ ಅಲ್ಲಿಂದ ಎರಡು ಗಂಟೆಯ ದಾರಿ. ವಾಪಸ್ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಮರುದಿನದಿಂದ ನೀಲಿ ದೊಡ್ಡ ನೋಟುಗಳು ಬೇರೆ ಕವರಿಗೆ ಹೋದವು.

ನಿನ್ ಬಿನ್‌ನಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಅಗ್ಗ ಅಂತ ತಮ್ಮನ ವಾದ. ಮಾಸ್ತರ್ ಬಿಡಲಿಲ್ಲ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದು. ಬಿದ್ದು ಕಾಲು ಮುರಿದರೆ ವಿಮೆಯವರು ಮೊದಲು ಅದನ್ನೇ ಕೇಳುತ್ತಾರೆ. ಹೋಂಸ್ಟೇಯಲ್ಲಿ ಸೈಕಲ್ ಪುಕ್ಕಟೆ ಇದ್ದವು, ಅವನ್ನೇ ತುಳಿದೆವು. ಟ್ರಾಂಗ್ ಆನ್ ದೋಣಿಗೆ ತಲೆಗೆ ಎರಡೂವರೆ ಲಕ್ಷ ಡಾಂಗ್. ಒಂದು ದೋಣಿಗೆ ನಾಲ್ವರು, ಅಂದರೆ ದೋಣಿ ಪೂರ್ತಿ ನಮ್ಮದೇ. ಇಡೀ ಪ್ರವಾಸದಲ್ಲಿ ಯಾರೂ ಲೆಕ್ಕ ಕೇಳದ ಖರ್ಚು ಅದೊಂದೇ.

ದ ನಾಂಗ್‌ನಲ್ಲಿ ಚೀಲ ಬರಿದಾಗುತ್ತಾ ಬಂತು. ನಾನು ಎಟಿಎಂನಿಂದ ಮೂವತ್ತು ಲಕ್ಷ ಡಾಂಗ್ ತೆಗೆದೆ. ಮಷಿನ್ನು ‘ರೂಪಾಯಿಯಲ್ಲೇ ಲೆಕ್ಕ ಹಾಕಲೇ’ ಅಂತ ಕೇಳುತ್ತದೆ. ಬೇಡ ಅನ್ನಬೇಕು. ಹೂಂ ಅಂದರೆ ಅದರ ಮನಸ್ಸಿಗೆ ಬಂದ ದರ ಹಾಕುತ್ತದೆ. ನಾನು ಬೇಡ ಅಂದೆ. ಆದರೂ ನನ್ನ ಕಾರ್ಡಿಗೆ 3.5 ಪರ್ಸೆಂಟ್ ಮಾರ್ಕಪ್ (ದರದ ಮೇಲೆ ಬ್ಯಾಂಕು ಹೇರುವ ಹೆಚ್ಚುವರಿ), ಅದರ ಮೇಲೆ ಜಿಎಸ್‌ಟಿ, ಅಲ್ಲಿಯ ಮಷಿನ್ನಿನ ಫೀ, ಇಲ್ಲಿಯ ಬ್ಯಾಂಕಿನ ಫೀ, ಎಲ್ಲ ಸೇರಿ ಖಾತೆಯಿಂದ ಹೋದದ್ದು 10,600. ತಮ್ಮ ಆಪ್‌ನಲ್ಲಿ ಗೂಗಲ್ ದರ ಹಾಕಿ 9,868 ಅಂತ ಬರೆದಿದ್ದ. ನಡುವಿನ 732 ರೂಪಾಯಿ ಎಲ್ಲಿ ಹೋಯಿತು ಅಂತ ನಾನು ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದೆ.

ಭಾನುವಾರ ಗಂಜಿನಲ್ಲಿ ಮೊದಲು ಬಿಚ್ಚಿದ್ದು ಇದೇ ಗಂಟು. ಅಂಗಡಿಯ ಗಾದಿಯ ಮೇಲೆ ಸುಸ್ಲಾ, ಮಿರ್ಚಿ ಬಂದಿತ್ತು. ಮುನೀಮ ದೊಡ್ಡ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತಿದ್ದ.

“ತೊಗರಿ ಕ್ವಿಂಟಲಿಗೆ ಇಂತಿಷ್ಟು ಅಂತ ಸವಾಲಾಗ್ತದ,” ಅಂದ. “ಕೊಂಡವನಿಗೆ ಅಷ್ಟಕ್ಕೇ ಬೀಳ್ತದೇನು? ಹಮಾಲಿ, ತೂಕ, ದಲಾಲಿ ಕೂಡಿ ಬಿದ್ದ ದರಾನೇ ಖರೆ ದರ. ಡಾಂಗಿಗೂ ಅದೇ ಕಾಯ್ದೆ.”

ಲೆಕ್ಕ ಹೀಗೆ ಬಂತು. ಡಾಲರ್‌ಗೆ ಕೊಟ್ಟದ್ದು, ಜಿಎಸ್‌ಟಿ ಸೇರಿ 78,441. ನಾನು ತೆಗೆದದ್ದು 10,600. ಒಟ್ಟು 89,041 ರೂಪಾಯಿಗೆ ನಮ್ಮ ಕೈಗೆ ಬಂದದ್ದು 2,64,00,000 ಡಾಂಗ್. ಅಂದರೆ ರೂಪಾಯಿಗೆ 296ರ ಮೇಲೆ ಚೂರು. ಗೂಗಲ್‌ನ 304 ಯಾರಿಗೂ ಸಿಕ್ಕದ ದರ. ಚೀಲದಿಂದ ಹೋದ ಪ್ರತಿ ಖರ್ಚಿಗೂ ಇದೇ 296 ಅಂತ ಆಯಿತು. ನನ್ನ 732 ನಾಲ್ವರಲ್ಲಿ ಕರಗಿತು.

ತಮ್ಮನ ಐದು ಲಕ್ಷದ ನೋಟಿಗೆ ಮಾತ್ರ ಬಹಳ ಹೊತ್ತು ಹಿಡಿಯಿತು. ಮಾಸ್ತರ್ ಹೇಳಿದ್ದು, ಕೈತಪ್ಪಿದವನೇ ಭರಿಸಬೇಕು, ಇಲ್ಲದಿದ್ದರೆ ಯಾರೂ ಜೋಪಾನ ಮಾಡುವುದಿಲ್ಲ. ಮಕ್ಕಳಿಗೆ ಪಾಠ ಹೇಳುವ ದನಿ. ತಮ್ಮ ಫೋನ್ ತೆಗೆದು ಆಗಲೇ ಕಳಿಸುತ್ತೇನೆ ಅಂದ. ಮುನೀಮ ತಡೆದ. ಚೀಲ ಹಿಡಿಯುವ ಕೆಲಸಕ್ಕೆ ಅವನಿಗೇನು ಸಂಬಳ ಇತ್ತೇ? ನಾಲ್ವರ ಪರವಾಗಿ ಹಿಡಿದಿದ್ದ, ನಾಲ್ವರ ಚಹಾಕ್ಕೆ ಕೊಟ್ಟ. ಅವನ ಸ್ವಂತ ಶಾಪಿಂಗಿನಲ್ಲಿ ಕಳೆದಿದ್ದರೆ ಮಾತು ಬೇರೆ. ನಾನು ಮುನೀಮನ ಕಡೆ. ಹೀಗೆ ಕಳೆದದ್ದನ್ನು ಒಬ್ಬನ ತಲೆಗೆ ಕಟ್ಟಿದರೆ ಮುಂದಿನ ಸಲ ಚೀಲ ಮುಟ್ಟಲು ಯಾರೂ ಬರುವುದಿಲ್ಲ. ಮಾಸ್ತರ್ ಒಪ್ಪಿದರು, ಆದರೆ ಮನಸ್ಸಿನಿಂದಲ್ಲ. ತಲೆಗೆ 405 ರೂಪಾಯಿ. ಅದಕ್ಕೆ ಪ್ರತಿಯಾಗಿ ಮುನೀಮ ರೊಟ್ಟಿಯ ಚೀಲದ ಬಾಡಿಗೆಯನ್ನೂ ನಾಲ್ವರ ಖಾತೆಗೆ ಎಳೆದ. “ತಿಂದವರು ಎಲ್ಲಾರೂ. ಹೊತ್ತವರು ಒಬ್ಬರೇ ಯಾಕ್ರಿ?” ಅಂದ. ಆಮೇಲೆ ಮಾಸ್ತರ್ ಇನ್ನೊಂದು ಮಿರ್ಚಿ ತೆಗೆದುಕೊಂಡರು.

ಕೊನೆಗೆ ಎಲ್ಲವನ್ನೂ ತಮ್ಮ ಆಪ್‌ಗೆ ತುಂಬಿದ. ಅದು ಕೊಡು-ಕೊಳ್ಳುವುದನ್ನು ಕಡಿಮೆ ಮಾಡಿ ‘ಮುನೀಮ ಮಾಸ್ತರ್‌ಗೆ ಇಷ್ಟು ಕೊಡಬೇಕು’ ಅಂತ ತೋರಿಸಿತು. ಮಾಸ್ತರ್ ಗಾಬರಿ: “ನಾ ಯಾವಾಗ ಇವರಿಗೆ ಸಾಲ ಕೊಟ್ಟೆ?” ಮುನೀಮ ನನಗೆ ಕೊಡಬೇಕಿತ್ತು, ನಾನು ಮಾಸ್ತರ್‌ಗೆ ಕೊಡಬೇಕಿತ್ತು. ನಡುವಿನ ನನ್ನನ್ನು ಆಪ್ ಹಾರಿಸಿತ್ತು, ಅಷ್ಟೇ. ಗಂಜಿನಲ್ಲಿ ದಿನಾ ನಡೆಯುವ ವ್ಯವಹಾರ ಇದು, ಮುನೀಮನಿಗೆ ವಿವರಿಸುವ ಅಗತ್ಯವೇ ಬರಲಿಲ್ಲ. ಅಲ್ಲೇ ಕೂತು ಫೋನ್‌ಪೇ ಮಾಡಿದ. ವಿಮಾನ, ವೀಸಾ, ವಿಮೆ, ಬಸ್ಸು, ಸ್ವಂತ ಊಟ ಎಲ್ಲ ಕೂಡಿಸಿದರೆ ನನ್ನ ಪಾಲಿಗೆ 64,900 ಚಿಲ್ಲರೆ ಬಂತು. ಮನೆಗೆ ತಂದ ಗೋಡಂಬಿ, ಕಾಫಿ ಪುಡಿ ಬಿಟ್ಟು.

ಉಳಿದದ್ದು 3,70,000 ಡಾಂಗಿನ ಶಿಲ್ಕು. ಕಲಬುರಗಿಯಲ್ಲಿ ಅದನ್ನು ಬದಲಿಸಿಕೊಡುವವರು ಯಾರು? ತಮ್ಮ ಒಂದೊಂದು ನೋಟು ನೆನಪಿಗೆ ಇಟ್ಟುಕೊಳ್ಳೋಣ ಅಂದ. ಇಟ್ಟುಕೊಳ್ಳಿ, ಆದರೆ 296ರ ದರದಲ್ಲಿ ಕೊಂಡು ಇಟ್ಟುಕೊಳ್ಳಿ ಅಂತ ಮುನೀಮ. ಸಣ್ಣ ನೋಟುಗಳು ಹಾಗೇ ಹಂಚಿಹೋದವು. ದೊಡ್ಡವು ಈಗಲೂ ಅಂಗಡಿಯ ತಿಜೋರಿಯಲ್ಲಿವೆ, ಕಿರ್ದಿಯಲ್ಲೂ ಇವೆ.

ಏಳುವಾಗ ಮಾಸ್ತರ್ ಮುಂದಿನ ರಜೆಗೆ ನೇಪಾಳ ಅಂದರು. ಅಲ್ಲಿ ಈ ದರದ ಗೋಜಲು ಇಲ್ಲ, ನಮ್ಮ ನೂರಕ್ಕೆ ಅವರ 160, 1993ರಿಂದ ಅದೇ. ಮುನೀಮ ಕ್ಯಾಲ್ಕುಲೇಟರ್ ಎತ್ತಿಡುತ್ತಿದ್ದವನು ತಿರುಗಿ ನೋಡಿದ.

“ಎಟಿಎಂಗೆ ಅಲ್ಲೂ ಹಮಾಲಿ ಇರ್ತದ ಮಾಸ್ತರ್,” ಅಂದ.