ಬರ್ಲಿನ್ನಿನ ಬಣ್ಣ, ಬಳ್ಳಾರಿಯ ಬಿಸಿಲು

ಬರ್ಲಿನ್ನಿನಲ್ಲಿ ಡಿಸೆಂಬರ್ ನಡುವಿನ ಹಗಲು ಎಂಟು ಗಂಟೆಯೂ ತುಂಬುವುದಿಲ್ಲ. ಬಳ್ಳಾರಿಯಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ ದಾಟುತ್ತದೆ. ಜರ್ಮನಿಯ ಮನೆಗಳಲ್ಲಿ ಗೋಡೆ ಬಿಳಿ, ಪರದೆ ತೆಳು, ಗಿಡಗಳೆಲ್ಲ ಕಿಟಕಿಗೇ ಅಂಟಿಕೊಂಡಿರುವುದು ಯಾಕೆಂದರೆ ಅಲ್ಲಿ ಬೆಳಕಿಗೇ ಬರ. ಮನೆ ಅಲಂಕಾರದ ಮಾದರಿಯೆಂದು ಅಂತರ್ಜಾಲದಲ್ಲಿ ಬರುವ ಆ ಮನೆಗಳ ಫೋಟೊ ನೋಡಿ ರಾಯಚೂರಿನಲ್ಲೋ ಸಿಂಧನೂರಿನಲ್ಲೋ ಹಾಗೇ ಮಾಡಿಸಿದರೆ ಏಪ್ರಿಲ್ ಮಧ್ಯಾಹ್ನ ಹಾಲ್‌ನಲ್ಲಿ ಕಣ್ಣು ಬಿಡಲಾಗುವುದಿಲ್ಲ.

ಬಿಳಿ ಗೋಡೆಗೆ ಇನ್ನೊಂದು ಕಾರಣವೂ ಇದೆ, ಅದು ಬಾಡಿಗೆ. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯವರು. ಬಿಳಿ ಗೋಡೆಯ ಮನೆ ಹಿಡಿದು, ಕೆಂಪು, ಹಳದಿ, ನೀಲಿ ಬಳಿದು ಹಾಗೇ ಬಿಟ್ಟುಹೋದ ಬಾಡಿಗೆದಾರರು ಮಾಲೀಕರಿಗೆ ಪರಿಹಾರ ಕೊಡಬೇಕೆಂದು ಅಲ್ಲಿನ ಫೆಡರಲ್ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ಹಾಗಾಗಿ ಅವರು ಬಣ್ಣವನ್ನು ಬಟ್ಟೆಯಲ್ಲಿ ತರುತ್ತಾರೆ: ದಿಂಬಿನ ಕವರು, ಪರದೆ, ಸೋಫಾ ಮೇಲಿನ ಹೊದಿಕೆ. ಋತುವಿಗೊಮ್ಮೆ ಬದಲಾಗುವುದು ಇವಷ್ಟೇ. ನಮ್ಮ ಕಡೆ ಬಾಡಿಗೆ ಮನೆಯಲ್ಲಿರುವವರು ಎರವಲು ತರಬೇಕಾದ ಬುದ್ಧಿ ಇದು.

ಗೋಡೆಗೆ ಕೈ ಹಾಕುವ ಮೊದಲು ಬಲ್ಬು ನೋಡಿ. ಜರ್ಮನಿಯ ಮನೆಗಳಲ್ಲಿ ಸಾಮಾನ್ಯವಾಗಿ 2700 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ) ಹಳದಿ ಛಾಯೆಯ ಬೆಳಕು. ನಮ್ಮಲ್ಲಿ ಅಂಗಡಿಯವರು ಕೇಳದೆಯೇ ಕೊಡುವುದು 6500 ಕೆಲ್ವಿನ್‌ನ ಬೆಳ್ಳನೆ ಎಲ್‌ಇಡಿ. ಫೋಟೊದಲ್ಲಿ ಬೆಚ್ಚಗೆ ಕಂಡ ಕೆನೆ ಬಣ್ಣ, ಮಣ್ಣಿನ ಬಣ್ಣ ಆ ಬೆಳಕಿನಲ್ಲಿ ಬೂದಿ ಹಿಡಿದಂತೆ ಕಾಣುತ್ತವೆ. ಬೈಗುಳ ಮಾತ್ರ ಪೇಂಟ್ ಅಂಗಡಿಗೆ. ಕೂರುವ, ಮಲಗುವ ಕೋಣೆಗೆ 2700ರಿಂದ 3000, ಅಡುಗೆಮನೆಗೆ 4000 ಕೆಲ್ವಿನ್ ಹಾಕಿ, ಆಮೇಲೆ ಬಣ್ಣ ಆರಿಸಿ. ಆರಿಸುವಾಗ ಶೇಡ್ ಕಾರ್ಡಿನ ಬೆರಳಗಲದ ಚೌಕವನ್ನು ನಂಬಬೇಡಿ. ಎರಡಡಿ ಅಗಲದ ರಟ್ಟಿಗೆ ಎರಡು ಕೋಟ್ ಹೊಡೆದು, ಅದೇ ಗೋಡೆಗೆ ಒರಗಿಸಿ, ಬೆಳಿಗ್ಗೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ದೀಪ ಹಚ್ಚಿದ ಮೇಲೆ ನೋಡಿ. ಪಶ್ಚಿಮದ ಕಿಟಕಿಯ ಕೋಣೆಗೆ ಹಳದಿ, ಕಿತ್ತಳೆ ಬೇಡ. ಸಂಜೆ ಬಿಸಿಲಿಗೆ ಅವು ಉರಿಯುತ್ತವೆ. ಬೂದು ಬೆರೆತ ಹಸಿರು ಅಥವಾ ತಿಳಿ ನೀಲಿ ಆ ಝಳವನ್ನು ಕಣ್ಣಿಗಾದರೂ ತಗ್ಗಿಸುತ್ತದೆ. ಬೆಚ್ಚನೆಯ ಬಣ್ಣಗಳು ಉತ್ತರದ ಕೋಣೆಗಿರಲಿ.

ವರ್ಷದ ಬಣ್ಣ ಎಂದು ಒಂದನ್ನು ಘೋಷಿಸುವ ಪ್ಯಾಂಟೋನ್ ಸಂಸ್ಥೆ 2025ಕ್ಕೆ ಆರಿಸಿದ್ದು ಮೋಕಾ ಮೂಸ್ ಎಂಬ ಕಂದು. ಸಂಡೂರು, ತೋರಣಗಲ್ಲು ಕಡೆಯ ಮನೆಗಳು ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅದಿರಿನ ಧೂಳು ಕೂತು ಬಿಳಿ ಗೋಡೆ ತಾನೇ ಆ ದಾರಿ ಹಿಡಿಯುತ್ತದೆ. ಇಂಥ ಊರಲ್ಲಿ ಹೊಳಪಿಲ್ಲದ ಮ್ಯಾಟ್ ಪೇಂಟ್ ಧೂಳನ್ನು ಹಿಡಿದುಕೊಳ್ಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಚ್ಚೆಯಾಗುತ್ತದೆ. ನೆಲದಿಂದ ನಾಲ್ಕಡಿಯವರೆಗೆ ತೊಳೆಯಬಹುದಾದ, ತುಸು ಹೊಳಪಿನ ಎಮಲ್ಷನ್ (ನೀರು ಬೆರೆಸುವ ಪೇಂಟ್) ಹಾಕಿಸಿ. ತೆರೆದ ಶೆಲ್ಫುಗಳ ಆಸೆ ಬಿಡಿ.

ಲೆಕ್ಕ ಹೀಗೆ: 10×12ರ ಕೋಣೆ, ಎತ್ತರ 10 ಅಡಿ ಇದ್ದರೆ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ 400. ಪುಟ್ಟಿ ಹಾಕಿದ ನಯವಾದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಸುಮಾರು 100ರಿಂದ 120 ಚದರ ಅಡಿ ಬರುತ್ತದೆ, ಅಂದರೆ 4 ಲೀಟರಿನ ಒಂದು ಡಬ್ಬಿ. ಒಂದೇ ಗೋಡೆಗೆ ಗಾಢ ಬಣ್ಣ ಬೇಕೆಂದರೆ ಹತ್ತಡಿಯ ಗೋಡೆಯನ್ನೇ ಆರಿಸಿ, ಒಂದು ಲೀಟರಿನಲ್ಲಿ ಮುಗಿಯುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಧಗೆಯಿಂದ. ಸಿಮೆಂಟ್ ಪುಟ್ಟಿ ಹಾಕುವ ಮುನ್ನ ಗೋಡೆಯನ್ನು ತೋಯಿಸಲೇಬೇಕು. ಒಣಗೋಡೆ ಪುಟ್ಟಿಯ ನೀರನ್ನು ಹೀರಿಬಿಟ್ಟರೆ ಸಿಮೆಂಟ್ ಗಟ್ಟಿಯಾಗಲು ನೀರೇ ಉಳಿಯುವುದಿಲ್ಲ. ಆಮೇಲೆ ಮುಟ್ಟಿದರೆ ಹಿಟ್ಟು ಕೈಗೆ ಬರುತ್ತದೆ, ಅದರ ಮೇಲಿನ ಬಣ್ಣ ಹಪ್ಪಳೆಯಾಗಿ ಏಳುತ್ತದೆ. ಪೇಂಟ್ ಕೂಡ ಬೇಗ ಒಣಗಿ ರೋಲರಿನ ಪಟ್ಟೆಗಳು ಕಾಣುತ್ತವೆ. ಮೇಸ್ತ್ರಿ ಅದಕ್ಕೆ ಪರಿಹಾರವಾಗಿ ಪೇಂಟಿಗೆ ನೀರು ಸುರಿದರೆ ಮೂರನೇ ಕೋಟ್ ಬೇಕಾಗುತ್ತದೆ. ದಸರೆ, ದೀಪಾವಳಿ ಹೊತ್ತಿಗೆ ಸುಣ್ಣ-ಬಣ್ಣ ಮಾಡಿಸುತ್ತಿದ್ದ ಹಿರಿಯರ ರೂಢಿ ಹವಾಮಾನದ ಲೆಕ್ಕದಲ್ಲೂ ಸರಿಯೇ.

ಗಂಗಾವತಿ, ಸಿರುಗುಪ್ಪ, ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಬೇರೆಯದೇ ಕಾಟ: ಜವಳು ನೆಲದ ತೇವ ಗೋಡೆ ಹತ್ತಿ, ಮೊದಲ ಎರಡು-ಮೂರು ಅಡಿಯಲ್ಲಿ ಬಿಳಿ ಉಪ್ಪು ಹೊರಬರುತ್ತದೆ. ಒಂದೂವರೆ ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಅಲ್ಲಿ ಎಮಲ್ಷನ್ನೂ ಬೇಡ, ಆಯಿಲ್ ಪೇಂಟೂ ಬೇಡ. ತೇವ ಹೊರಹೋಗಲು ದಾರಿಯಿಲ್ಲದೆ ಎರಡೂ ಉಬ್ಬಿ ಬೀಳುತ್ತವೆ. ಅಲ್ಲಿಗೆ ಸುಣ್ಣವೇ ಸೈ. ಜರ್ಮನಿಯಲ್ಲಿ ಸುಣ್ಣದ ಬಣ್ಣ ಈಗ ದುಬಾರಿ ಫ್ಯಾಷನ್, ಮೋಡ ಮೋಡವಾಗಿ ಕಾಣುವ ಗೋಡೆಗೆ ಜನ ಕೈತುಂಬ ಕೊಡುತ್ತಾರೆ. ಹಳೆಯ ಪೇಂಟನ್ನು ಪೂರ್ತಿ ಕೆರೆದು ತೆಗೆಯಿರಿ, ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ. ರಾತ್ರಿ ನೆನೆಸಿ ಸೋಸಿದ ಸುಣ್ಣದ ಹಾಲಿಗೆ ಕೆಂಪು ಅಥವಾ ಹಳದಿ ಆಕ್ಸೈಡ್ ಪುಡಿ, ಸುಣ್ಣದ ತೂಕದ ನೂರಕ್ಕೆ ಐದರಷ್ಟು ಸಾಕು. ಬೇರೆ ಹಲವು ಬಣ್ಣಗಳನ್ನು ಸುಣ್ಣ ತಿಂದುಹಾಕುತ್ತದೆ. ಗೋಡೆ ತೋಯಿಸಿ, ತೆಳ್ಳಗೆ ಮೂರು ಕೋಟ್, ದಿನಕ್ಕೊಂದು. ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ, ಮೊದಲೇ ಮೂಲೆಯಲ್ಲಿ ಹಚ್ಚಿ ನೋಡಿ. ಕಣ್ಣಿಗೆ ಕನ್ನಡಕ ಮರೆಯಬೇಡಿ.

ಋತುವಿನ ಅಲಂಕಾರ ಅಲ್ಲಿ ನಾಲ್ಕು ಸಲ, ನಮ್ಮಲ್ಲಿ ಎರಡು ಸಲ ಸಾಕು. ಮಾರ್ಚ್‌ನಲ್ಲಿ ಕಾರ್ಪೆಟ್ ಸುತ್ತಿಟ್ಟು ಶಹಾಬಾದ್ ಕಲ್ಲನ್ನು ಬರಿದು ಬಿಡಿ, ಪಶ್ಚಿಮದ ಕಿಟಕಿಗೆ ಲಾವಂಚದ ತಡಿಕೆ ಇಲ್ಲವೇ ದಪ್ಪ ಪರದೆ ಹಾಕಿ. ದಸರೆಯಿಂದ ಕೌದಿ ಹೊರಗೆ ಬರಲಿ; ಸೋಫಾ ಮೇಲೆ ಹಾಸಿದ ಒಂದು ಹಳೇ ಕೌದಿಯ ಮುಂದೆ ಅಂಗಡಿಯ ಕುಶನ್ನುಗಳು ಸಪ್ಪೆ. ಕಿನ್ನಾಳದ ಬೊಂಬೆಗಳನ್ನು ನೇರ ಬಿಸಿಲಿಗೆ ಇಡಬೇಡಿ, ಒಣ ಕುಂಚದಿಂದ ಮಾತ್ರ ಧೂಳು ಕೊಡವಿ.

ಇನ್ನು ಗಿಡ. ಅಂತರ್ಜಾಲದ ಸಲಹೆ ಅತಿ ಹೆಚ್ಚು ಮೋಸ ಮಾಡುವುದು ಇಲ್ಲೇ. ಯುರೋಪಿನಲ್ಲಿ ಗಿಡಕ್ಕೆ ಕಷ್ಟದ ಕಾಲ ಚಳಿಗಾಲ. ಆಗ ನೀರು ಕಡಿಮೆ, ಗೊಬ್ಬರ ಬಂದ್, ಮಾರ್ಚ್ ಬಂದರೆ ಕುಂಡ ಬದಲು. ಬಳ್ಳಾರಿಯಲ್ಲಿ ಕಷ್ಟಕಾಲ ಮಾರ್ಚ್‌ನಿಂದ ಮೇ. ಆಗ ಬೇರು ಕದಡಿದರೆ ಗಿಡ ಉಳಿಯುವುದು ಕಷ್ಟ. ಗೊಬ್ಬರ ನಿಲ್ಲಿಸಬೇಕಾದ್ದು ಆಗ, ಕುಂಡ ಬದಲಿಸಬೇಕಾದ್ದು ಜೂನ್-ಜುಲೈ ಮಳೆ ಬಿದ್ದ ಮೇಲೆ.

ಮಣ್ಣಿನ ವಿಷಯಕ್ಕೆ ಬಂದರೆ, ಹೊಲದ ಎರೆಮಣ್ಣು ಕುಂಡಕ್ಕೆ ಸಲ್ಲದು. ನೀರು ಕುಡಿದಾಗ ಅಂಟು, ಒಣಗಿದಾಗ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಹಾಕಿದ ನೀರು ಆ ಸಂದಿನಲ್ಲೇ ಇಳಿದುಹೋಗಿ ಬೇರಿಗೆ ಸಿಗುವುದಿಲ್ಲ. ಮಸಾರಿ (ಕೆಂಪು) ಮಣ್ಣು ಎರಡು ಪಾಲು, ತೊಳೆದು ಉಪ್ಪು ತೆಗೆದ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಒಂದು, ಎರೆಹುಳು ಗೊಬ್ಬರ ಒಂದು, ದಪ್ಪ ಮರಳು ಒಂದು, ಮೇಲೊಂದು ಹಿಡಿ ಬೇವಿನ ಹಿಂಡಿ.

ನೀರು ಅದಕ್ಕಿಂತ ಮುಖ್ಯ. ಬೋರ್‌ವೆಲ್ ನೀರಿನ ಉಪ್ಪು ಕುಂಡದ ಅಂಚಿನಲ್ಲಿ ಬಿಳಿ ಕಟ್ಟುತ್ತದೆ. ರಾಯಚೂರು ಸೀಮೆಯ ಹಲವು ಬೋರ್‌ಗಳಲ್ಲಿ ಫ್ಲೋರೈಡ್ ಬೇರೆ. ಸ್ಪೈಡರ್ ಪ್ಲಾಂಟ್, ಡ್ರಸೀನಾ ಇದಕ್ಕೆ ಎಲೆಯ ತುದಿ ಸುಟ್ಟುಕೊಳ್ಳುತ್ತವೆ. ಜನ ನೀರು ಸಾಲಲಿಲ್ಲವೆಂದು ಇನ್ನಷ್ಟು ಅದೇ ನೀರು ಹಾಕುತ್ತಾರೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನಂತೂ ಹಾಕಲೇಬೇಡಿ, ಉಪ್ಪೆಲ್ಲ ಸೇರಿರುವುದು ಅದರಲ್ಲೇ. ನಳದ ಹೊಳೆ ನೀರು ಅಥವಾ ಮಳೆನೀರು ಒಳ್ಳೆಯದು. ತಿಂಗಳಿಗೊಮ್ಮೆ ಕುಂಡದ ಮೂರರಷ್ಟು ಒಳ್ಳೆಯ ನೀರು ಹರಿಸಿ ಉಪ್ಪು ತೊಳೆಯಿರಿ.

ಸ್ನೇಕ್ ಪ್ಲಾಂಟ್, ರಬ್ಬರ್ ಗಿಡ, ಮನಿ ಪ್ಲಾಂಟ್ ಈ ಹವೆಗೆ ತಡೆಯುತ್ತವೆ, ದಪ್ಪ ಎಲೆಯಾದ್ದರಿಂದ ವಾರಕ್ಕೊಮ್ಮೆ ಒರೆಸಲೂ ಸುಲಭ. ಅರೆಕಾ ಪಾಮ್ ಏಪ್ರಿಲ್‌ನಲ್ಲಿ ಒಣಗುತ್ತದೆ. ಕುಂಡಗಳನ್ನು ಪೂರ್ವದ ಕಿಟಕಿಯಿಂದ ಮೂರಡಿ ಒಳಕ್ಕೆ ಇಡಿ. ಎಸಿಯ ಗಾಳಿ ನೇರ ಬೀಳದಿರಲಿ. ಮನೆಯ ಗಾಳಿ ಶುದ್ಧವಾಗುತ್ತದೆಂದು ಮಾತ್ರ ಕೊಳ್ಳಬೇಡಿ. ಆ ಮಾತಿನ ಮೂಲ, ಮುಚ್ಚಿದ ಪೆಟ್ಟಿಗೆಯಲ್ಲಿ ನಾಸಾ ಮಾಡಿದ 1989ರ ಪ್ರಯೋಗ, ನಾಲ್ಕು ಕುಂಡಕ್ಕೆ ಅದು ಅನ್ವಯಿಸದು. ಆನೆಗೊಂದಿಯ ಬಾಳೆನಾರಿನ ಬುಟ್ಟಿಯಲ್ಲಿ ಕುಂಡ ಇಡುವವರು ಒಳಗೊಂದು ತಟ್ಟೆ ಇಡಿ, ಇಲ್ಲವಾದರೆ ನಾರು ಬೂಸ್ಟು ಹಿಡಿಯುತ್ತದೆ. ತಟ್ಟೆಯ ನೀರನ್ನು ಅರ್ಧ ಗಂಟೆಗೆ ಚೆಲ್ಲಿ, ಬಾಟಲಿಯ ಮನಿ ಪ್ಲಾಂಟಿನ ನೀರನ್ನು ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ.