ಬೆಕ್ಕಿನ ತಟ್ಟೆಗೆ ಹಸಿ ಕೋಳಿ ಬೇಡ

ಬೆಂಗಳೂರಿನ ಕೋಳಿ ಅಂಗಡಿಗಳಲ್ಲಿ ಬೆಕ್ಕಿಗೆಂದು ಕೇಳಿದರೆ ಕತ್ತು, ತಲೆ, ಲಿವರ್ ಅಗ್ಗಕ್ಕೆ ಕಟ್ಟಿಕೊಡುತ್ತಾರೆ. ಅದನ್ನು ಹಸಿಯಾಗಿಯೇ ಹಾಕುವವರು ಬಹಳ. ಹಕ್ಕಿಜ್ವರ ಉಸಿರಿನ ಕಾಯಿಲೆ, ಬಂದರೆ ಮೂಗಿನಿಂದಲೇ ಎಂಬ ನಂಬಿಕೆಯೇ ಇಲ್ಲಿ ಕೈಕೊಡುವುದು.

2004ರಲ್ಲಿ ಥಾಯ್ಲೆಂಡಿನ ಮೃಗಾಲಯವೊಂದರಲ್ಲಿ ಹಸಿ ಕೋಳಿಯಿಂದ ಶುರುವಾದ, ಹಕ್ಕಿಜ್ವರದ ವೈರಸ್ಸಾದ ಎಚ್‌5ಎನ್‌1 ಸೋಂಕಿಗೆ 441 ಹುಲಿಗಳಲ್ಲಿ 147 ಹೋದವು. ಅವುಗಳಲ್ಲಿ ಕೆಲವನ್ನು ದಯಾಮರಣಕ್ಕೆ ಒಳಪಡಿಸಲಾಗಿತ್ತು. 2024ರ ಡಿಸೆಂಬರಿನಲ್ಲಿ ನಾಗಪುರದ ಗೋರೆವಾಡಾ ಪ್ರಾಣಿ ರಕ್ಷಣಾ ಕೇಂದ್ರದಲ್ಲೂ ಮೂರು ಹುಲಿ, ಒಂದು ಚಿರತೆ ಇದೇ ವೈರಸ್‌ಗೆ ಸತ್ತವು.

ಜಠರದ ಆಮ್ಲ ವೈರಸ್ಸನ್ನು ಕೊಲ್ಲುವುದಿಲ್ಲವೇ? ಬರಿಯ ವೈರಸ್ಸಾದರೆ ಬಹುಮಟ್ಟಿಗೆ ಕೊಲ್ಲುತ್ತದೆ. ಜೀವಕೋಶದ ಒಳಗೆ ಹೋದ ಮೇಲೆ ಆಮ್ಲ ತಾಗಿ ಬಿಚ್ಚಿಕೊಳ್ಳಬೇಕಾದ ಅದರ ಹೊರಮೈ ಪ್ರೋಟೀನು ಜಠರದಲ್ಲೇ ಬಿಚ್ಚಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಆದರೆ ಮಾಂಸದ ತುಂಡು ಆಮ್ಲದ ಬಿರುಸನ್ನು ತಗ್ಗಿಸುತ್ತದೆ. ಜಠರಕ್ಕೆ ಇಳಿಯುವ ಮೊದಲೇ, ಅಗಿಯುವಾಗ, ಗಂಟಲಿನ ಪೊರೆಗೂ ವೈರಸ್ ತಾಗಿರುತ್ತದೆ. ಪ್ರಯೋಗವೊಂದರಲ್ಲಿ ಸೋಂಕಿತ ಕೋಳಿಮರಿ ತಿಂದ ಬೆಕ್ಕುಗಳ ಕರುಳಿನ ನರಗಂಟುಗಳಲ್ಲಿ (ನರಕೋಶಗಳ ಗೊಂಚಲುಗಳಲ್ಲಿ) ವೈರಸ್ ಸಿಕ್ಕಿತು. ಶ್ವಾಸನಾಳಕ್ಕೆ ವೈರಸ್ ಹಾಕಿದ ಬೆಕ್ಕುಗಳ ಕರುಳಿನಲ್ಲಿ ಹಾಗಾಗಲಿಲ್ಲ. ಅಂದರೆ ತಿಂದದ್ದರಿಂದಲೂ ವೈರಸ್ ಒಳಹೊಗುತ್ತದೆ.

ಫ್ರೀಜರ್‌ನಲ್ಲಿಟ್ಟದ್ದು ಸುರಕ್ಷಿತ ಎನ್ನುವುದು ಇನ್ನೊಂದು ತಪ್ಪು. ಮೈನಸ್ 18 ಡಿಗ್ರಿ ವೈರಸ್ಸನ್ನು ಕಾಪಿಡುತ್ತದೆ, ಅಷ್ಟೇ. ಅಮೆರಿಕದ ಆರೆಗಾನ್‌ನಲ್ಲಿ 2024ರಲ್ಲಿ ಸತ್ತ ಮನೆಬೆಕ್ಕು ತಿಂದದ್ದು ಪ್ಯಾಕೆಟ್ಟಿನ ಫ್ರೋಜನ್ ಹಸಿ ಮಾಂಸವನ್ನೇ.

ಬಿಸಿನೀರು ಹುಯ್ದು ಕೊಡುವುದು, ಮೈಕ್ರೊವೇವ್‌ನಲ್ಲಿ ಒಂದು ನಿಮಿಷ ಇಡುವುದು ಸಾಲದು: ಹೊರಗೆ ಬಿಳಿಯಾದರೂ ಒಳಗೆ ಹಸಿಯೇ ಇರುತ್ತದೆ. ನಲ್ಲಿಯ ಕೆಳಗೆ ತೊಳೆದರೆ ಸಿಂಕೆಲ್ಲ ಸಿಡಿಯುತ್ತದೆ, ನೇರ ಪಾತ್ರೆಗೆ ಹಾಕಿ. ಒಂದಂಗುಲದ ತುಂಡುಗಳನ್ನು ಕುದಿ ಬಂದ ಮೇಲೆ ಹದಿನೈದು ನಿಮಿಷ ಬೇಯಿಸಿ, ಮೂಳೆಯ ಪಕ್ಕ ಕೆಂಪು ಉಳಿದಿದೆಯೇ ನೋಡಿ. ಥರ್ಮಾಮೀಟರ್ ಇದ್ದರೆ ತುಂಡಿನ ನಡುವೆ 74 ಡಿಗ್ರಿ ಬರಬೇಕು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಬೆಂದ ಮೂಳೆ ಚೂಪಾಗಿ ಒಡೆಯುತ್ತದೆ, ಆರಿಸಿ ತೆಗೆಯಿರಿ. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಬೇಯಿಸಿದ ನೀರಿಗೆ ಇಳಿದಿರುತ್ತದೆ, ಆ ನೀರನ್ನೂ ಕೊಡಿ. ಮೂಳೆ ಹೋದರೆ ಕ್ಯಾಲ್ಸಿಯಂ ಕೂಡ ಹೋಯಿತು, ಹಾಗಾಗಿ ಬೆಕ್ಕಿಗೆ ಬರೀ ಇದನ್ನೇ ಊಟವಾಗಿ ಕೊಡಬಾರದು.

ಜ್ವರ, ಏದುಸಿರು, ತೂರಾಟ, ದಿಢೀರ್ ಕುರುಡು, ಫಿಟ್ಸ್ ಕಂಡರೆ ಬೆಕ್ಕನ್ನು ಎತ್ತಿಕೊಂಡು ಓಡುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ, ಹಸಿ ಕೋಳಿ ತಿಂದಿತ್ತೆಂದು ಹೇಳಿ. ಮುಟ್ಟುವಾಗ ಮಾಸ್ಕ್, ಗ್ಲೌಸ್ ಇರಲಿ.